ಬಿಟ್ಟುಹೋದ ‘ನಿ’

ಸೊಸೆಯ ಕೋಣೆಯ ಬಾಗಿಲು ಬೆಳಗಿನಿಂದ ಮುಚ್ಚಿಯೇ ಇತ್ತು. ಅತ್ತೆ ಹಾಲಿನ ಲೋಟ ಹಿಡಿದು ಬಾಗಿಲವರೆಗೆ ಹೋದಳು. ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿ, ಅಡುಗೆಮನೆಗೆ ಹಿಂದಿರುಗಿ, ಆರಿದ ಹಾಲನ್ನು ಮತ್ತೆ ಒಲೆಯ ಮೇಲಿಟ್ಟಳು.

“ಇನ್ನೂ ಎಷ್ಟ್ ಸಲ ಕಾಯಿಸ್ತೀಯೇ? ಕೊನೆಗೆ ಪಾತ್ರೆ ಒಂದೇ ಉಳಿಯೋದು,” ಎಂದ ಗಂಡ. ಗಡಿಯಾರ ರಿಪೇರಿಯವನು. ರಜೆಯ ದಿನವೂ ಊಟದ ಮೇಜಿನ ಮೇಲೆ ಯಾರದೋ ಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ.

“ಸುಮ್ನಿರಿ. ಮಾತು ಮೊದಲು ಬಾಯಲ್ಲಿ ಕೂರ್ಬೇಕಲ್ಲ.”

ಸೊಸೆಯ ತಾಯಿ ತೀರಿಕೊಂಡು ಅಂದಿಗೆ ಒಂದು ವರ್ಷ. ಗೂಡ್ಸ್ ರೈಲು ಓಡಿಸುವ ಮಗ ಸಂಜೆಗೆ ಮುಂಚೆ ಮನೆಗೆ ಬರುವಂತಿರಲಿಲ್ಲ. ಹುಡುಗಿಯ ಕನ್ನಡ ಇನ್ನೂ ತೊದಲು. ದುಃಖದಲ್ಲಿರುವವಳಿಗೆ ಅವಳ ತುರ್ಕಿ ಭಾಷೆಯಲ್ಲೇ ಒಂದು ಮಾತು ಹೇಳಬೇಕೆಂದು ಅತ್ತೆಯ ಆಸೆ: ನಾನು ನಿನ್ನ ಅಮ್ಮ. ಅದಕ್ಕೆ ಆ ಭಾಷೆಯಲ್ಲಿ ಒಂದೇ ಪದ ಸಾಕು. ‘ಅನ್ನೆ’ ಎಂದರೆ ಅಮ್ಮ. ಅದರ ಬಾಲಕ್ಕೆ ‘ನಿನ್ನ’ ಎನ್ನುವ ತುಣುಕು, ಆ ತುಣುಕಿನ ಬಾಲಕ್ಕೆ ‘ನಾನು’ ಎನ್ನುವ ಇನ್ನೊಂದು. ಅನ್ನೆನಿಮ್.

ಬಾಲಗಳ ಈ ಪಾಠವನ್ನು ಸೊಸೆಯೇ ಇದೇ ಮೇಜಿನ ಬಳಿ ಶುರುಮಾಡಿದ್ದು. ಮನೆಗೆ ‘ಎವ್’, ಮನೆಗಳಿಗೆ ‘ಎವ್ಲೆರ್’. ಕೋಣೆಗೆ ‘ಒದಾ’ ಎಂದಾಗ ಅತ್ತೆ ಧೈರ್ಯಮಾಡಿ ‘ಒದಾಲೆರ್’ ಎಂದಿದ್ದಳು. ಹುಡುಗಿ ನಕ್ಕು, “ಇಲ್ಲ ಅತ್ತೆ, ಒದಾಲಾರ್. ತಲೆ ಆ, ಬಾಲ ಆ. ತಲೆ ಎ, ಬಾಲ ಎ,” ಎಂದು ತಿದ್ದಿದ್ದಳು. ಹಿಂದಿನ ಸ್ವರ ಹೇಗೋ ಬಾಲದ ಸ್ವರವೂ ಹಾಗೆ ಬಾಗಬೇಕು. “ಸೊಸೆ ಇದ್ದ ಹಾಗೆ ಕಣೇ ಈ ಪ್ರತ್ಯಯ. ಸೇರಿದ ಮನೆಯ ಸ್ವರಕ್ಕೆ ಸ್ವರ ಕೂಡಿಸ್ಬೇಕು,” ಎಂದು ಗಂಡ ಬಾಯಿಹಾಕಿದಾಗ, “ಯಾಕೆ, ಅತ್ತೆ ಕೂಡಿಸಿದ್ರೆ ಅತ್ತೆ ನಾಲಿಗೆ ಸವೆದುಹೋಗುತ್ತಾ?” ಎಂದು ಹೆಂಡತಿ ಕೇಳಿದ್ದೇ, ಅವನು ಗಡಿಯಾರದೊಳಕ್ಕೆ ತಲೆ ತೂರಿಸಿದ್ದ.

ಆದರೆ ಇವತ್ತು ಆ ಧೈರ್ಯ ಎಲ್ಲೋ ಅಡಗಿತ್ತು. ಅತ್ತೆ ಮುದ್ರಣಾಲಯದಲ್ಲಿ ಪ್ರೂಫ್ ನೋಡುವವಳು. ಮದುವೆಯ ಕರೆಯೋಲೆಯಲ್ಲಿ ‘ವಧು’ ಹೋಗಿ ‘ವಧೆ’ ಆಗಿದ್ದನ್ನು ಕೊನೇ ಗಳಿಗೆಯಲ್ಲಿ ಹಿಡಿದವಳು. ಅಕ್ಷರವೊಂದು ಜಾರಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಭಾಷೆಯಲ್ಲಿ ‘ಸಿಜ್’ ಎಂಬ ಬಾಲವೂ ಉಂಟು, ಇರುವುದನ್ನು ಇಲ್ಲವಾಗಿಸುವ ಬಾಲ. ‘ಅನ್ನೆಸಿಜ್’ ಎಂದರೆ ತಾಯಿಯಿಲ್ಲದವಳು. ಇವತ್ತೇ, ಆ ಹುಡುಗಿಯ ಮುಖದೆದುರೇ, ನಾಲಿಗೆ ತೊಡರಿ ಅದು ಬಂದುಬಿಟ್ಟರೆ?

“ಏನಾದ್ರೂ ಎಡವಟ್ಟಾದ್ರೆ ಏನ್ರೀ ಮಾಡೋದು?”

“ಆದ್ರೆ ಆಯ್ತು. ಮನೆ ಮಾತೇನು ಅಚ್ಚಿಗೆ ಹೋಗುತ್ತಾ? ನಡಿ, ಹಾಲು ಉಕ್ತಾ ಇದೆ.”

ಅವಳು ಬಾಗಿಲು ತಟ್ಟಿ ಒಳಗೆ ಹೋದಳು. ಹುಡುಗಿ ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ತನ್ನ ಗಂಡನ ಸ್ವೆಟರಿನ ಉದ್ದ ತೋಳುಗಳೊಳಗೆ ಕೈ ಎರಡೂ ಮುಳುಗಿದ್ದವು. ತೋಳಿನ ತುದಿ ಒದ್ದೆಯಾಗಿತ್ತು. ಅತ್ತೆ ಲೋಟವನ್ನು ಪಕ್ಕದಲ್ಲಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಎದುರು ಕೂತಳು. ಉಸಿರು ಎಳೆದುಕೊಂಡಳು. ಅಷ್ಟು ಹೊತ್ತು ಬಾಯಲ್ಲಿ ಕಾದಿಟ್ಟುಕೊಂಡ ಮಾತು ಹೊರಗೆ ಬಂತು.

“ಅನ್ನೆಮ್.”

ಹುಡುಗಿ ತಟ್ಟನೆ ತಲೆಯೆತ್ತಿದಳು.

ಆಗಲೇ ಅತ್ತೆಗೆ ಗೊತ್ತಾಯಿತು. ನಡುವಿನ ‘ನಿ’ ಬಿಟ್ಟುಹೋಗಿತ್ತು. ‘ನಿನ್ನ ಅಮ್ಮ ನಾನು’ ಎನ್ನಲು ಹೋಗಿ ‘ನನ್ನ ಅಮ್ಮ’ ಎಂದಾಗಿತ್ತು. ತಲೆ ನರೆತ ಹೆಂಗಸು ಮಗಳ ವಯಸ್ಸಿನವಳನ್ನು ಹಿಡಿದು ಅಮ್ಮ ಎನ್ನುವುದೇ, ಅದೂ ಇಂಥ ದಿನ!

“ತಪ್ಪಾಯ್ತು, ತಪ್ಪಾಯ್ತು. ಒಂದಕ್ಷರ ನುಂಗಿಬಿಟ್ಟೆ. ನಾನ್ ಹೇಳ್ಬೇಕಂತ ಇದ್ದಿದ್ದು...”

“ಯಾರು ಹೇಳಿತು ನಿಮಗೆ?” ಹುಡುಗಿ ಮುಂದೆ ಬಾಗಿದಳು. “ನನ್ನ ಅಮ್ಮ ಹೀಗೇ ಕರೆಯೋದು ನನ್ನ. ಅನ್ನೆಮ್, ಬಾ. ಅನ್ನೆಮ್, ತಿನ್ನು. ಅಲ್ಲಿ ಎಲ್ಲಾ ಅಮ್ಮ, ಮಗುಗೆ ‘ನನ್ನ ಅಮ್ಮ’ ಅಂತ ಕರೆಯುತ್ತೆ. ಒಂದು ವರ್ಷ ಆಯ್ತು, ಯಾರೂ ಕರೆಯಿಲ್ಲ.” ಮೂಗು ಒರೆಸಿಕೊಂಡು ಕೇಳಿದಳು, “ನಿಮಗೆ ನಗು ಬರುತ್ತೆ?”

“ನಗು ಯಾಕ್ ಬರುತ್ತಮ್ಮಾ?”

“ನೋಡಿ! ನೀವೂ!”

ಅತ್ತೆ ತನ್ನ ಬಾಯಿಂದ ಬಂದ ‘ಅಮ್ಮಾ’ವನ್ನು ಆಗ ಕೇಳಿಸಿಕೊಂಡಳು. ಹುಟ್ಟಿದಂದಿನಿಂದ ಮಗನನ್ನು ‘ಏಳಪ್ಪಾ’ ಎಂದು ಎಬ್ಬಿಸಿದವಳು, ನೆರೆಮನೆಯ ಪುಟ್ಟ ಹುಡುಗಿಯನ್ನೂ ‘ಬಾರಮ್ಮ’ ಎಂದೇ ಕರೆದವಳು. ಆ ಬಾಲವನ್ನು ತಾನು ಅಂಟಿಸುತ್ತಿದ್ದೇನೆ ಎಂಬುದು ಇಂದಿನವರೆಗೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿ ಲೋಟಕ್ಕೆ ಕೈಚಾಚಿ, ಕೆನೆಯನ್ನು ಬೆರಳಿಂದ ಸರಿಸಿ, ಹಾಲು ಕುಡಿಯತೊಡಗಿದಳು.

ಆದರೂ ಪ್ರೂಫ್ ನೋಡುವವಳ ಜೀವ. ಕಂಡ ತಪ್ಪನ್ನು ತಿದ್ದದೆ ಬಿಟ್ಟರೆ ಸಮಾಧಾನವಿಲ್ಲ. ಸೊಸೆ ಕುಡಿದು ಮುಗಿಸುವವರೆಗೆ ಕಾದು, ಒಂದೊಂದೇ ಅಕ್ಷರವನ್ನು ಅದರದರ ಜಾಗದಲ್ಲಿಟ್ಟು ಹೇಳಿದಳು.

“ಅನ್ನೆ-ನಿಮ್. ಈಗ ಸರಿಯಾಯ್ತಾ?”

“ಸರಿ,” ಎಂದ ಹುಡುಗಿ ಖಾಲಿ ಲೋಟವನ್ನು ಬದಿಗಿಟ್ಟು, ಅತ್ತೆಯ ಮಡಿಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. “ಆದರೆ ಅದು ಬೇಡ ಅತ್ತೆ. ತಪ್ಪಿದ್ದು ಹೇಳಿ.”