ಕೆಂಪು ಹೂವಿನ ತಟ್ಟೆ

ಮಾನ್ಯ ವಾಚಕ ಮಹಾಶಯರೇ, ಒಬ್ಬ ಮನುಷ್ಯನಿಗೆ ಕಣ್ಣು ಕಾಣುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಒಂದು ಊರೇ ದೇವಸ್ಥಾನದಲ್ಲಿ ನೆರೆದ ಸಂಗತಿಯನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಬೇಕು. ಇದನ್ನು ಬರೆಯುತ್ತಿರುವವನು ಆ ದೇವಸ್ಥಾನದ ಪ್ರವಾಸಿ ಕೋಣೆಯಲ್ಲಿ ತಂಗಿದ್ದ ದಾರಿಹೋಕ. ಯಾರ ಪಕ್ಷದವನೂ ಅಲ್ಲ.

“ನೂರಕ್ಕೆ ನೂರು ಕುರುಡು,” ಎಂದರು ಆಡಳಿತ ಮಂಡಳಿಯ ಅಧ್ಯಕ್ಷರು, ಚಪ್ಪಲಿ ಬಿಡುವ ಜಾಗದಲ್ಲಿ ನಿಂತು. “ಮೊನ್ನೆ ಮಂಗಳಾರತಿ ಹೊತ್ತಲ್ಲಿ ಒಬ್ಬ ಫೋನ್ ನೋಡ್ತಾ ನಿಂತಿದ್ದ. ಅರ್ಚಕರು ತುಟಿಪಿಟಕ್ ಅನ್ನಲಿಲ್ಲ.”

“ಮೊದಲಾಗಿದ್ರೆ ಆಕಳಿಸಿದೋರನ್ನೂ ಎದ್ದು ನಿಲ್ಲಿಸ್ತಿದ್ರು,” ಎಂದ ಔಷಧಿ ಅಂಗಡಿಯವನು. “ಈಗ ಯಾವಾಗ ನೋಡಿದ್ರೂ ಕಣ್ಣಲ್ಲಿ ನೀರು. ರೋಗಾನೇ ಅದು. ಡಾಕ್ಟರ ಹತ್ರ ಕಳಿಸೋಣವಾ?”

“ಕಳಿಸಿದ್ರೆ ಕನ್ನಡಕ ಹಾಕಿ ವಾಪಸ್ ಕಳಿಸ್ತಾರೆ. ಆಮೇಲೆ ಇನ್ನೊಂದು ತಲೆಮಾರು ಅಲ್ಲಾಡಲ್ಲ.”

ಅಧ್ಯಕ್ಷರ ತಮ್ಮನ ಮಗ ಪೂಜಾವಿಧಿಗಳನ್ನು ಕಲಿತು ಮನೆಯಲ್ಲಿ ಸುಮ್ಮನೆ ಕುಳಿತಿದ್ದನೆಂದು ತಿಳಿಸಿದರೆ ಇಲ್ಲಿಗೆ ಸಾಕು.

ಅರ್ಚಕರ ಹೆಂಡತಿ ತೀರಿಕೊಂಡಂದಿನಿಂದ ಈ ಅನುಮಾನ ಬೆಳೆದಿತ್ತು. ಅಂದಿನಿಂದ ಅವರು ಯಾರನ್ನೂ ಗದರಿಸಿರಲಿಲ್ಲ. ಯಾರ ತಪ್ಪೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹುದ್ದೆ ಹೋದರೆ ಗುಡಿಯ ಹಿಂದಿನ ಒಂಟಿ ಕೋಣೆಯೂ ಹೋಗುತ್ತಿತ್ತು. ಅವರಿಗೆ ಬೇರೆ ಸೂರಿರಲಿಲ್ಲ.

ಅಧ್ಯಕ್ಷರು ಗೊತ್ತುಮಾಡಿದ ಪರೀಕ್ಷೆ ಸರಳವಾಗಿತ್ತು: ಅರ್ಚಕರ ಮಗಳು.

ಆ ಊರಿನಲ್ಲಿ ಬಾಡಿಗೆ ಮನೆ, ನೌಕರಿ, ಮದುವೆ ಎಲ್ಲವೂ ದೇವಸ್ಥಾನದ ಜಗಲಿಯಲ್ಲೇ ಕುದುರುತ್ತಿದ್ದವು. ಅಲ್ಲಿ ಅಪ್ಪ ನಿಶ್ಚಯಿಸಿದ ಸಂಬಂಧವನ್ನು ಒಲ್ಲೆನೆಂದು ಅವಳು ಒಬ್ಬ ದರ್ಜಿಯ ಕೈ ಹಿಡಿದಳು. ಅರ್ಚಕರು ತುಂಬಿದ ಸಭೆಯಲ್ಲಿ ದೀಪ ಮುಟ್ಟಿ ಆಣೆಯಿಟ್ಟರು: ಅವಳು ಕಣ್ಣಿಗೆ ಬಿದ್ದ ದಿನ ಕತ್ತು ಹಿಡಿದು ಹೊಸ್ತಿಲಾಚೆ ನೂಕುತ್ತೇನೆ. ಅವರು ಆಡಿದ್ದನ್ನು ಊರು ಮಾಡಿ ತೋರಿಸಿತು. ದರ್ಜಿಗೆ ಯಾರೂ ಬಟ್ಟೆ ಹೊಲಿಯಲು ಕೊಡಲಿಲ್ಲ. ಅಂಗಡಿಗೆ ಬೀಗ ಬಿತ್ತು. ತಾಯಿಯ ಹೆಣದ ಮುಖ ನೋಡಲು ಬಂದವಳನ್ನು ಗೇಟಿನಲ್ಲೇ ತಡೆದರು. ಅಪ್ಪ ಹೊರಗೆ ಬರಲಿಲ್ಲ.

“ಏನಮ್ಮ ಹಳದಿಪುಟ್ಟಿ,” ಎಂದು ಅಧ್ಯಕ್ಷರು ಅವಳನ್ನು ಕರೆಸಿಕೊಂಡರು. ಚಿಕ್ಕಂದಿನಲ್ಲಿ ಪ್ರಸಾದಕ್ಕೆ ಹಳದಿ ಹೂವೇ ಬೇಕೆಂದು ಹಟ ಹಿಡಿದು ಅಪ್ಪನನ್ನು ಗೋಳಾಡಿಸುತ್ತಿದ್ದುದರಿಂದ ಬಂದ ಅಡ್ಡಹೆಸರು ಅದು. “ನಾಳೆ ಸಾಲಲ್ಲಿ ಬಂದು ಮುಖ ಎತ್ತಿ ನಿಂತ್ಕೋ. ಸಾಕು.”

“ನನಗೇನು ಸಿಗುತ್ತೆ?”

“ನೀನು ಅವರಿಗೆ ಕಾಣಲಿಲ್ಲ ಅಂದ್ರೆ ಆಣೆಯೂ ಇಲ್ಲ, ಅವರೂ ಇಲ್ಲ. ನಿನ್ನ ಗಂಡ ಅಂಗಡಿ ತೆಗೀಬಹುದು.”

“ಕಂಡ್ರೆ?”

“ಕತ್ತು ಹಿಡಿದು ನೂಕ್ತಾರೆ. ನಿನಗೇನು, ಅಭ್ಯಾಸ ಇದೆಯಲ್ಲ.”

“ಬರ್ತೀನಿ,” ಎಂದಳು ಅವಳು. “ಅವರು ಗಂಟುಮೂಟೆ ಕಟ್ಟೋದನ್ನ ನೋಡೋಕಾದ್ರೂ ಬರ್ತೀನಿ.”

ಈ ಮಾತುಕತೆ ನಡೆದದ್ದು ಅರ್ಚಕರ ಕೋಣೆಯ ಕಿಟಕಿಯ ಕೆಳಗೆ. ಕಿಟಕಿ ತೆರೆದಿತ್ತು. ಕುರುಡನಿಗೆ ಏನು ಕಂಡೀತೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹೂವಾಡಗಿತ್ತಿ ಗುಲಾಬಿಯ ಬುಟ್ಟಿಯನ್ನು ತಟ್ಟೆಗೆ ಸುರಿದಳು. “ಎಲ್ಲಾ ಕೆಂಪೇ ಇರಲಿ ಅಂದಿದ್ದೆನಲ್ಲ,” ಎಂದು ಅಧ್ಯಕ್ಷರು ಸಿಡುಕಿದರು. “ಇದೊಂದು ಹಳದಿ ಎಲ್ಲಿಂದ ಬಂತು?”

“ಗಿಡಕ್ಕೆ ನಿಮ್ಮ ಕಾಯ್ದೆ ಗೊತ್ತಿಲ್ಲ ಸ್ವಾಮಿ,” ಎಂದು ಅವಳು ಅದನ್ನು ರಾಶಿಯ ತಳಕ್ಕೆ ತುರುಕಿದಳು.

ಪೂಜೆ ಮುಗಿಯಿತು. ಸಾಲು ಮುಂದೆ ಸರಿಯಿತು. ಅರ್ಚಕರು ಒಬ್ಬೊಬ್ಬರ ಅಂಗೈಗೂ ಮೇಲಿನ ಒಂದು ಹೂವನ್ನೆತ್ತಿ ಹಾಕುತ್ತ ಬಂದರು. ಮಗಳು ಎದುರು ನಿಂತಳು. ಗದ್ದ ಮೇಲೆತ್ತಿದಳು. ಊರಿಗೆ ಊರೇ ಉಸಿರು ಬಿಗಿಹಿಡಿದು ಅರ್ಚಕರ ಮುಖವನ್ನು ನೋಡಿತು.

ಅವರ ಕೈ ತಟ್ಟೆಯೊಳಗೆ ಇಳಿದು ತಡಕಾಡತೊಡಗಿತು. ಬೆರಳುಗಳು ಹೂವುಗಳನ್ನು ಅತ್ತಿತ್ತ ಸರಿಸಿದವು, ತಳ ಮುಟ್ಟಿದವು.

“ತಟ್ಟೆ ತುಂಬ ಹೂವಿದೆ, ಒಂದು ಸಿಗ್ತಿಲ್ಲ ನೋಡಿ,” ಎಂದು ಕಂಬದ ಹಿಂದಿನಿಂದ ಯಾರೋ ನಕ್ಕರು.

ಕೊನೆಗೂ ಒಂದು ಹೂವು ಅವಳ ಅಂಗೈ ಸೇರಿತು. “ಒಳ್ಳೇದಾಗಲಿ ತಾಯಿ,” ಎಂದರು, ಎಲ್ಲರಿಗೂ ಹೇಳುವಂತೆ. ಕಣ್ಣಿನಿಂದ ನೀರು ಸೋರುತ್ತಿತ್ತು. ಅವಳು ಆ ಕಣ್ಣುಗಳನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಅವುಗಳಲ್ಲಿ ಏನೂ ಸಿಗದೆ ಮುಷ್ಟಿ ಬಿಗಿದಳು.

“ಅರ್ಚಕರೇ,” ಅಧ್ಯಕ್ಷರು ಮುಂದೆ ಬಂದರು, “ಈಗ ಯಾರಿಗೆ ಹೂವು ಕೊಟ್ರಿ?”

“ಯಾರೋ ಹೆಣ್ಣುಮಗಳು.” ಅವರೆಂದರು, “ಮುಖ ಕಾಣಲಿಲ್ಲ. ಕಣ್ಣು ಹೋಗಿ ತುಂಬ ದಿನ ಆಯ್ತು.”

“ನಾನು ಅಪ್ಪ,” ಎಂದಳು ಮಗಳು, ಎಲ್ಲರಿಗೂ ಕೇಳುವಂತೆ. “ಕತ್ತು ಹಿಡೀರಿ ನೋಡೋಣ. ಎಲ್ಲಿದೆ ಅಂತ ಗೊತ್ತಾದ್ರೆ.”

ಸಭೆ ಗೊಳ್ಳೆಂದು ನಕ್ಕಿತು. ಅರ್ಚಕರು ತಲೆ ತಗ್ಗಿಸಿದರು.

ಮಧ್ಯಾಹ್ನದೊಳಗೆ ಬೀಗದ ಕೈಗಳು ಅಧ್ಯಕ್ಷರ ತಮ್ಮನ ಮಗನ ಸೊಂಟ ಸೇರಿದವು. ಯಾರೋ ತಮಾಷೆಗೆಂದು ಮುದುಕರ ಚಪ್ಪಲಿಗಳನ್ನು ಎಡಬಲ ಅದಲುಬದಲು ಮಾಡಿಟ್ಟಿದ್ದರು. ಅವರು ಹಾಗೆಯೇ ಮೆಟ್ಟಿಕೊಂಡು, ಗೋಡೆ ಸವರುತ್ತ ಬೀದಿಯ ತಿರುವಿನಲ್ಲಿ ಮರೆಯಾದರು. ಕೈ ಹಿಡಿಯಲು ಯಾರೂ ಹೋಗಲಿಲ್ಲ.

ಹೊಸ ಅರ್ಚಕನಿಗೆ ಪ್ರವಾಸಿ ಕೋಣೆಯೂ ಬೇಕಾಗಿತ್ತು. ದಾರಿಹೋಕನು ಇದ್ದೆರಡು ಬಟ್ಟೆಗಳನ್ನು ಚೀಲಕ್ಕೆ ತುರುಕಿ, ಚೀಲವನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ಹೊರಟನು. ಮುಂದೆ ಅವಳು ನಡೆಯುತ್ತಿದ್ದಳು, ಇನ್ನೂ ಮುಷ್ಟಿ ಬಿಗಿದುಕೊಂಡೇ. ಗೇಟು ದಾಟಿದ್ದೇ ತಡ, ತಿರುಗಿಯೂ ನೋಡದೆ ಕೈಯಲ್ಲಿದ್ದುದನ್ನು ಮೋರಿಗೆಸೆದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡನ ಅಂಗಡಿಯ ಬೀಗ ತೆಗೆಯಲು ಬಿರಬಿರನೆ ಹೊರಟುಹೋದಳು. ಬಸ್ಸು ಹಾರ್ನ್ ಹಾಕಿತು. ದಾರಿಹೋಕನು ಮೋರಿ ದಾಟಲು ಕಾಲೆತ್ತಿದವನು ಒಮ್ಮೆ ಕೆಳಗೆ ನೋಡಿದನು.

ಕಪ್ಪು ನೀರಿನಲ್ಲಿ ತಿರುಗುತ್ತಿದ್ದ ಗುಲಾಬಿ ಹಳದಿಯಾಗಿತ್ತು.