ಎಣ್ಣೆ ಸಾಲಿನಲ್ಲಿ ಜಾರಿದವಳು

"ನಿಮ್ಮ ಅಂಗಡೀಲಿ ಎಣ್ಣೆ ಚೆಲ್ಲಿತ್ತು. ಇವಳು ಜಾರಿ ಬಿದ್ದು ಕೈ ಮುರ್ಕೊಂಡ್ಲು. ನಾನು ಹೋಗ್ಲಿ ಬಿಡು ಅಂದೆ, ಪರಿಹಾರ ಕೇಳಲೇಬೇಕು ಅಂತ ಇವಳೇ ಹಟ ಹಿಡಿದಳು," ಎಂದು ಗಂಡ ಸೂಪರ್‌ಮಾರ್ಕೆಟ್ ಮ್ಯಾನೇಜರನ ಮೇಜು ಗುದ್ದಿದ.

ಹೆಂಡತಿ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

ಮ್ಯಾನೇಜರ್ ಕಂಪ್ಯೂಟರನ್ನು ಅವರತ್ತ ತಿರುಗಿಸಿದ. "ಒಳಗೆ ಯಾರೂ ಬಿದ್ದಿಲ್ಲ ಯಜಮಾನ್ರೇ. ಗಾಡಿ ನಿಲ್ಸೋ ಜಾಗದಲ್ಲೂ ಕ್ಯಾಮೆರಾ ಇದೆ, ನೋಡಿ."

ಪರದೆಯಲ್ಲಿ ಗಂಡ ಅವಳ ಜಡೆ ಹಿಡಿದು ಸ್ಕೂಟರಿಗೆ ಅಪ್ಪಳಿಸಿದ. ಕೆಳಗೆ ಬಿದ್ದವಳ ಕೈಗೆ ಹೆಲ್ಮೆಟ್ಟಿನಿಂದ ಮೂರು ಸಲ ಹೊಡೆದ.

"ನಡಿ, ಹೋಗೋಣ," ಎಂದು ಗಂಡ ಎದ್ದ.

ಅವಳು ಏಳಲಿಲ್ಲ. "ಇದರದ್ದೊಂದು ಕಾಪಿ ಕೊಡಿ ಸರ್. ಸ್ಟೇಷನ್ನಲ್ಲಿ ಸಾಕ್ಷಿ ತಗೊಂಡು ಬಾಮ್ಮ ಅಂದಿದ್ರು."