ಬಾ, ಕುಂದ್ರು

ಮಾನ್ವಿಯ ಕ್ಯಾಸೆಟ್ ಅಂಗಡಿಯಲ್ಲಿ ಕೇಳಿದ್ದ ಅದೇ ಕೀರಲು ಸದ್ದು, ಗಂಡ ಪಾಠ ಹೇಳುತ್ತಿದ್ದ ರಾಯಚೂರಿನ ಈ ಶಾಲೆಯ ಟೇಪಿನಲ್ಲೂ ಹೊರಟಾಗ ಪಾರ್ವತೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ತೀರಿಹೋದ ಗಂಡ ಬಿಟ್ಟುಹೋಗಿದ್ದ ಕ್ಯಾಸೆಟ್ಟಿನಲ್ಲಿ ಅವರ ದನಿ ಇದ್ದೀತೆಂಬ ಒಂದೇ ಆಸೆಯಿಂದ ಬಸ್ಸು ಹತ್ತಿ ಬಂದಿದ್ದಳು.

"ಕ್ಯಾಸೆಟ್ ಕೆಟ್ಟಿಲ್ಲ ಬಿಡ್ರಿ ಅಕ್ಕಾರ," ಎಂದರು ಗಂಡನ ಜಾಗಕ್ಕೆ ಬಂದಿದ್ದ ತಾಯಣ್ಣ ಮಾಸ್ತರರು. "ಇದು ಹಾಡಲ್ಲ, ಮಾತಲ್ಲ. ಕಂಪ್ಯೂಟರಿಗಂತ ತುಂಬಿದ್ದು. ಅದಕ್ಕಷ್ಟೇ ತಿಳಿತದ." ಅವಳ ಗಂಡನ ಕಾಲದಲ್ಲೇ ಶಾಲೆಗೆ ಬಂದಿದ್ದ ಕಂಪ್ಯೂಟರಿಗೆ ಟೇಪಿನ ವೈರು ಸಿಕ್ಕಿಸಿದರು. ಕ್ಯಾಸೆಟ್ಟು ಸದ್ದಿಲ್ಲದೆ ತಿರುಗಿತು. ಬಹಳ ಹೊತ್ತಿನ ಮೇಲೆ ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮೂಡಿದವು.

"ಇದನ್ನ ನಮ್ಮ ಸುಂಕಪ್ಪ ಮಾಸ್ತರರೇ ಹುಡುಗರಿಗೆ ಕಲಿಸಾಕ ಬರೆದಾರ. 'ಯಾರು ಬಂದಾರ?' ಅಂತ ಕೇಳಾಕತ್ತದ," ಎಂದು ಓದಿ ಹೇಳಿ, ಮಾಸ್ತರರು ಕೀಲಿಮಣೆಯಲ್ಲಿ ಅವಳ ಹೆಸರು ಒತ್ತಿದರು. "ಈಗ ನೋಡ್ರಿ, 'ಬಾ ಪಾರ್ವತೆಮ್ಮ, ಕುಂದ್ರು' ಅಂತದ."

ಅವಳು ಹುಡುಗರ ಬೆಂಚಿನ ಮೇಲೆ ಕುಳಿತುಬಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಅವರು 'ಕೇಳಿಲ್ಲಿ' ಎಂದು ಕರೆದವರೇ ಹೊರತು ಹೆಸರು ಹಿಡಿದು ಕರೆದವರಲ್ಲ. ಅವಳಂತೂ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳೇ ಅಲ್ಲ. ಯಾರ ಹೆಸರು ಒತ್ತಿದರೂ ಇದು ಹೀಗೇ ಕರೆಯುತ್ತದೆ ಎಂಬುದೂ ಅವಳಿಗೆ ತಿಳಿದುಹೋಯಿತು.

ಪರದೆ ಮತ್ತೆ 'ಯಾರು ಬಂದಾರ?' ಎಂದು ಕೇಳಿತು. "ಇನ್ಯಾರದರ ಹೆಸರು ಹಾಕ್ಲೇನ್ರಿ?" ಎಂದರು ಮಾಸ್ತರರು.

ಪಾರ್ವತೆಮ್ಮ ಖಾಲಿ ಬಾಗಿಲ ಕಡೆ ನೋಡಿದಳು. ಬಾಯಿಗೊತ್ತಿದ್ದ ಸೆರಗು ತೆಗೆದಳು.

"ಸುಂಕಪ್ಪ," ಎಂದಳು.